ಸಭಾಂಗಣದ ಬೆನ್ನು

ಊರಿಗೆ ಊರೇ ಬಿಸಿಲಿಗೆ ಬೆಂದು, ನಾಯಿಗಳು ಕೂಡ ಬೊಗಳುವುದನ್ನು ಸಂಜೆಗೆ ಮುಂದೂಡಿದ್ದ ಆ ಬೇಸಿಗೆಯಲ್ಲಿ, ಭಾನುವಾರ ಬೆಳಿಗ್ಗೆ ಒಂದು ಗುಂಪು ಮಾತ್ರ ಸ್ವೆಟರು, ಶಾಲು, ಕಿವಿ ಮುಚ್ಚುವ ಟೋಪಿ ಹಿಡಿದುಕೊಂಡು ರಸ್ತೆಯಲ್ಲಿ ಹೋಗುತ್ತಿತ್ತು. ಗೊತ್ತಿಲ್ಲದವರು, ಪಾಪ, ಇವರಿಗೆಲ್ಲ ಒಟ್ಟಿಗೇ ಚಳಿಜ್ವರ ಬಂದಿರಬೇಕು ಅಂದುಕೊಳ್ಳುತ್ತಿದ್ದರು. ಗೊತ್ತಿದ್ದವರು, 'ಓ, ರಿಮೋಟಪ್ಪನವರ ಸಭೆಯವರು' ಎಂದು ನಕ್ಕು ಸುಮ್ಮನಾಗುತ್ತಿದ್ದರು.

ರಿಮೋಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಭೆಯ ಗಾಯನ ತಂಡದ ಹುಡುಗಿಯರು ಇಟ್ಟದ್ದು. ಅವರು ಆ ಕ್ರೈಸ್ತ ಸಭೆಯ ಹಿರಿಯರು. ಕೆಲಸದಲ್ಲಿದ್ದಾಗ ಹಣ್ಣು ತರಕಾರಿಯ ಕೋಲ್ಡ್ ಸ್ಟೋರೇಜಿಗೆ ಮ್ಯಾನೇಜರ್ ಆಗಿದ್ದವರು. ಸೇಬಾಗಲಿ ಆಲೂಗಡ್ಡೆಯಾಗಲಿ, ತಣ್ಣಗಿಟ್ಟರೆ ಕೆಡುವುದಿಲ್ಲ ಎಂಬುದು ಅವರು ಬಾಳಿನಲ್ಲಿ ಕಂಡುಕೊಂಡ ಸತ್ಯ. ನಿವೃತ್ತರಾದ ಮೇಲೆ ಅದನ್ನೇ ಆತ್ಮಗಳಿಗೂ ಅನ್ವಯಿಸಿದರು. ಪ್ರಾರ್ಥನೆಯ ಸಭಾಂಗಣಕ್ಕೆ ಎರಡು ಭಾರಿ ಏಸಿ ಕೊಡಿಸಿ, ರಿಮೋಟನ್ನು ಅಂಗಿಯ ಜೇಬಿನಲ್ಲಿ ಎದೆಗವಚಿಕೊಂಡರು. ಹದಿನೆಂಟಕ್ಕೆ ನಿಲ್ಲಿಸಿದರೆ ಮುಗಿಯಿತು, ಅಲ್ಲಿಂದ ಮೇಲೇರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ನಡುಗುವ ಹಲ್ಲಿನಲ್ಲಿ ಯಾರಾದರೂ ದೂರಿದರೆ, "ಹಣ್ಣಿಗಿಂತ ಮನುಷ್ಯ ಕಡೆಯೇನ್ರೀ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ಸಭೆಯಲ್ಲಿ ಅವರ ಹವಾ ಜೋರು. ಹವಾನಿಯಂತ್ರಣವೂ ಅವರದೇ.

ಈ ತಣ್ಣನೆಯ ಸಭೆಗೆ ಪಾಸ್ಟರ್ ಆಗಲು ಬಂದವಳು ಒಬ್ಬ ಬಿಸಿರಕ್ತದ ಹುಡುಗಿ. ಹಳೆಯ ಪಾಸ್ಟರು ಮಂಡಿನೋವು ತಾಳಲಾರದೆ ನಿವೃತ್ತಿ ಪಡೆದಿದ್ದರು. ಹೊಸಬಳನ್ನು ಪಾಸ್ಟರಮ್ಮ ಅಂದರೆ ಪಾಸ್ಟರ ಹೆಂಡತಿ ಎಂದಾಗುತ್ತದೆ, ಪಾಸ್ಟರ್ ಅಂದುಬಿಡೋಣವೆಂದರೆ ಇನ್ನೂ ನೇಮಕವಾಗಿಲ್ಲ. ಜನ ತಲೆ ಕೆಡಿಸಿಕೊಂಡು ಕೊನೆಗೆ 'ಟ್ರಯಲ್ ಪಾಸ್ಟರ್' ಎಂಬಲ್ಲಿಗೆ ರಾಜಿಯಾದರು. ಅವಳಿಗೆ ಇದು ಮೂರನೆಯ ಟ್ರಯಲ್. ಮೊದಲ ಸಭೆಯವರು, ದನಿ ಚೆನ್ನಾಗಿದೆ, ಆದರೆ ಆ ದನಿಗೊಬ್ಬ ಗಂಡ ಇದ್ದಿದ್ದರೆ ಚೆನ್ನಾಗಿತ್ತು ಅಂದಿದ್ದರು. ಎರಡನೆಯ ಕಡೆ, ಪ್ರಸಂಗದ ನಡುವೆ ಹಿರಿಯರೊಬ್ಬರ ಆಕಳಿಕೆಯನ್ನು ಹಾಗೇ ಅನುಕರಿಸಿಬಿಟ್ಟಳು. ಪ್ರಸಂಗ ಮಾಡಲು ಬಂದವಳು ಅಧಿಕಪ್ರಸಂಗಿಯೆನಿಸಿ ವಾಪಸಾದಳು. ಇಲ್ಲೂ ಆಗದಿದ್ದರೆ ಅಣ್ಣನ ಜೆರಾಕ್ಸ್ ಅಂಗಡಿಯೇ ಗತಿ. ದೇವರ ವಾಕ್ಯ ಸಾರಲು ಓದಿದವಳು ಊರವರ ವಾಕ್ಯಗಳ ನಕಲು ತೆಗೆಯುತ್ತ ಕೂರಬೇಕು. 'ಬಾರೆ ತಂಗಿ, ಮೆಷಿನ್ ಕಾಯ್ತಿದೆ' ಎಂದು ಅಣ್ಣ ಆಗಲೇ ಎರಡು ಸಲ ಫೋನು ಮಾಡಿದ್ದ.

ಆ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಹೆಣ್ಣು ನೋಡುವ ಶಾಸ್ತ್ರವಿದ್ದಂತೆ, ಪಾಸ್ಟರ್ ನೋಡುವ ಶಾಸ್ತ್ರ. ಟ್ರಯಲ್ ಪ್ರಸಂಗ ಮುಗಿದ ದಿನವೇ ಮಧ್ಯಾಹ್ನ ಹಿರಿಯರು ಅಭ್ಯರ್ಥಿಯ ಮನೆಗೆ ಹೋಗಬೇಕು, ಆ ಮನೆಯಲ್ಲಿ ಯಾರಿದ್ದಾರೋ ಅವರ ಜೊತೆ ಕೂತು, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುವ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಟ್ಟಿಗೆ ಹೇಳಬೇಕು. ಪೀಠದ ಮೇಲಿನ ಮುಖ ಎಲ್ಲರಿಗೂ ಕಾಣುತ್ತದೆ, ಮನೆಯ ಮುಖವನ್ನೂ ನೋಡಿಬಿಡೋಣ ಎಂಬುದು ಇದರ ಹಿಂದಿನ ಜಾಣತನ. ಪ್ರಾರ್ಥನೆ ಆಗದಿದ್ದರೆ ನೇಮಕವೂ ಇಲ್ಲ.

ಟ್ರಯಲ್ ಪಾಸ್ಟರಿನ ನಿದ್ದೆಗೆಡಿಸಿದ್ದು ಪ್ರಸಂಗವಲ್ಲ, ಈ ಮನೆ.

ಅವಳು ಬಾಡಿಗೆಗಿದ್ದದ್ದು ಒಬ್ಬ ಟೈಲರಮ್ಮನ ಮನೆಯ ಕೋಣೆಯಲ್ಲಿ. ವಯಸ್ಸಾದ ಒಂಟಿ ಹೆಂಗಸು. ಇವಳು ಬಂದ ದಿನವೇ ದೊಡ್ಡಮ್ಮ ಎಂದು ಕರೆದುಬಿಟ್ಟಿದ್ದಳು. ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಇಸ್ತ್ರಿ ಮೇಜು, ಹ್ಯಾಂಗರಿನಲ್ಲಿ ನೇತಾಡುವ ಅರ್ಧ ಹೊಲಿದ ಫ್ರಾಕುಗಳು. ಮನೆ ಬೇರೊಂದು ರಸ್ತೆಯಲ್ಲಿತ್ತು. ಸಭಾಂಗಣದ ಗೇಟಿನಿಂದ ಹೊರಟು, ದೊಡ್ಡ ರಸ್ತೆ ಹಿಡಿದು, ಸಿಗ್ನಲ್ ದಾಟಿ ಸುತ್ತಿ ಬರಬೇಕು. ಆದರೆ ಬೆನ್ನಿಗೆ ಬೆನ್ನು ಕೊಟ್ಟು ಮುನಿಸಿಕೊಂಡ ಗಂಡ ಹೆಂಡಿರಂತೆ, ಮನೆಯ ಹಿಂಬದಿಯೂ ಸಭಾಂಗಣದ ಹಿಂಬದಿಯೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದು ತುಂಡು ಅಂಗಳ, ಒಂದು ಮೋಟು ಗೋಡೆ, ಅದರಾಚೆ ಒಂದು ಚರಂಡಿ, ಅಷ್ಟೆ. ಸಭಾಂಗಣದ ಒಳಗಿನ ಸೆಖೆಯನ್ನೆಲ್ಲ ಹೀರಿಕೊಂಡ ಆ ಎರಡು ಏಸಿಗಳು ಅದನ್ನು ಎಲ್ಲಾದರೂ ಉಗುಳಬೇಕಲ್ಲ? ಹಿಂಗೋಡೆಗೆ ಜೋಡಿಸಿದ್ದ ಯಂತ್ರಗಳು ನೇರವಾಗಿ ದೊಡ್ಡಮ್ಮನ ಕಿಟಕಿಗೆ ಉಗುಳುತ್ತಿದ್ದವು. ಒಳಗೆ ಭಕ್ತರು ಸ್ವೆಟರು ತೊಟ್ಟಷ್ಟೂ ಹೊರಗೆ ದೊಡ್ಡಮ್ಮ ಬೆವರುತ್ತಿದ್ದಳು. ಹೊಲಿಯುವ ಬಟ್ಟೆಯ ಮೇಲೆ ಬೆವರ ಹನಿ ಬಿದ್ದು ಕಲೆಯಾಗಿ, ಗಿರಾಕಿಗಳ ಹತ್ತಿರ ಮಾತು ಕೇಳುತ್ತಿದ್ದಳು.

ಒಂದು ಸಲ ಅವಳು ಸುತ್ತಿ ಬಳಸಿ ಮುಂದಿನ ಗೇಟಿಗೆ ಹೋಗಿ ದೂರು ಹೇಳಲು ನೋಡಿದ್ದಳು. ಆರಾಧನೆ ನಡೀತಿದೆ, ಆಮೇಲೆ ಬನ್ನಿ ಎಂದು ಕಾವಲಿನವನು ಕಳಿಸಿಬಿಟ್ಟ. ಆಮೇಲೆ ಅವಳು ಹೋಗಲಿಲ್ಲ. ಅಲ್ಲಿಂದ ಶುರುವಾಯಿತು ಶೀತಲ ಸಮರ. ಸಭಾಂಗಣದ ಮೈಕಿನ ಮಾತೆಲ್ಲ ಹಿಂದಿನ ಗವಾಕ್ಷಿಯಿಂದ ಅವಳಿಗೆ ಚೊಕ್ಕವಾಗಿ ಕೇಳುತ್ತಿತ್ತು. ರಿಮೋಟಪ್ಪನವರು ಮೈಕು ಹಿಡಿದು ಅದೇ ಕರ್ತನ ಪ್ರಾರ್ಥನೆ ನಡೆಸುತ್ತ, 'ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬಲ್ಲಿಗೆ ಬಂದರೆ ಸಾಕು, ದೊಡ್ಡಮ್ಮ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಢಣಢಣ ಬಾರಿಸುತ್ತಿದ್ದಳು. ಸಭೆಯವರು ಕಣ್ಣು ಮುಚ್ಚಿಕೊಂಡೇ ಬೆಚ್ಚುತ್ತಿದ್ದರು.

"ಯಾಕೆ ದೊಡ್ಡಮ್ಮ, ಸರಿಯಾಗಿ ಅಲ್ಲೇ ಯಾಕೆ?" ಎಂದು ಟ್ರಯಲ್ ಪಾಸ್ಟರ್ ಕೇಳಿದ್ದಳು.

"ಕ್ಷಮೆ ಕೇಳೋರು ಸಣ್ಣ ಮುಖ ಮಾಡ್ಕೊಂಡು ಬಾಗಿಲಿಗೆ ಬರ್ಬೇಕು. ಬೆನ್ನು ತಿರುಗಿಸಿ ಬಿಸಿ ಊದ್ತಾ ಮೈಕಲ್ಲಿ ಕೇಳಿದ್ರೆ ಯಾರು ಕೊಡ್ತಾರೆ?"

ಟ್ರಯಲ್ ಪಾಸ್ಟರ್ ಇದನ್ನು ರಿಮೋಟಪ್ಪನವರಿಗೆ ಹೇಳಬೇಕಿತ್ತು. ಮೊದಲ ವಾರ ಹೊಸಬಳೆಂದು ಸುಮ್ಮನಿದ್ದಳು. ಎರಡನೆಯ ವಾರ ರಿಮೋಟಪ್ಪನವರು ಅವಳೆದುರೇ, "ಹಿಂದೆ ಯಾವಳೋ ತಟ್ಟೆಮಾರಿ ಇದಾಳೆ, ಸೈತಾನನಿಗೆ ತಾಳ ಹಾಕ್ತಾಳೆ" ಅಂದರು. ಆ ತಟ್ಟೆಮಾರಿ ಆ ಹೊತ್ತಿಗೆ ಇವಳ ಜುಬ್ಬಕ್ಕೆ ಗುಂಡಿ ಹಾಕಿಕೊಡುತ್ತಿದ್ದಳು. ನೇಮಕ ಒಂದು ಆಗಲಿ, ಆಮೇಲೆ ಹೇಳಿದರಾಯಿತು ಎಂದು ಇವಳು ನಾಲಿಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿದಳು.

ಟ್ರಯಲ್ ಭಾನುವಾರ ಬಂತು. ಅವಳಿಗೆ ಕೊಟ್ಟ ವಿಷಯ, ಕರ್ತನ ಪ್ರಾರ್ಥನೆ ಮತ್ತು ಇಂದಿನ ಲೋಕದ ಸಂಕಟಗಳು. ಬೆಳಿಗ್ಗೆ ಹೊರಡುವಾಗ ದೊಡ್ಡಮ್ಮ ಅವಳ ಭುಜದ ಮೇಲಿನ ದಾರದ ತುಂಡು ತೆಗೆದು, "ಇವತ್ತು ಮುಚ್ಚಳಕ್ಕೆ ರಜೆ ಕೊಟ್ಟಿದೀನಿ. ನಿನಗೋಸ್ಕರ ಅಷ್ಟೆ, ಅವರಿಗಲ್ಲ. ಹೋಗು, ಚೆನ್ನಾಗಿ ಮಾತಾಡು" ಅಂದಳು.

ಚೆನ್ನಾಗಿಯೇ ಮಾತಾಡಿದಳು. 'ನಮ್ಮ ತಂದೆಯೇ' ಎನ್ನುತ್ತೇವೆ, ನನ್ನ ತಂದೆಯೇ ಎನ್ನುವುದಿಲ್ಲ. ಒಂದೇ ತಂದೆಯಾದರೆ ಎಲ್ಲರೂ ಒಡಹುಟ್ಟಿದವರು. ಅನುದಿನದ ಆಹಾರ ಕೇಳುತ್ತೇವೆ, ಮೊಮ್ಮಕ್ಕಳ ಕಾಲಕ್ಕೂ ಸಾಕಾಗುವಷ್ಟು ಕೂಡಿಡುತ್ತೇವೆ. ಒಂದು ಕಡೆ ಬೆಳಕು ಆರದ ನಗರಗಳು, ಇನ್ನೊಂದು ಕಡೆ ಕಾದು ಬಿರಿಯುವ ನೆಲ. ಯಾವುದೋ ದೂರದ ಕಡಲಿನ ನಡುವೆ ಒಂದು ಪುಟ್ಟ ದ್ವೀಪ. ಅಲ್ಲಿಯವರು ಯಾರಿಗೂ ಕೆಡುಕು ಮಾಡಲಿಲ್ಲ, ಒಂದು ದೊಡ್ಡ ಯಂತ್ರ ತಿರುಗಿಸಲಿಲ್ಲ. ಆದರೂ ಪರರ ಬಿಸಿಗೆ ಕಡಲುಬ್ಬಿ ಅವರ ಮನೆಯ ಮೆಟ್ಟಿಲು ನೆಕ್ಕುತ್ತಿದೆ. ದ್ವೀಪದ ಅಜ್ಜಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ಜಡೆ ಹೆಣೆಯುತ್ತಿರುವಾಗ ಪಾದಕ್ಕೆ ನೀರು ತಾಗುವುದನ್ನು ಅವಳು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಮುಂದಿನ ಸಾಲಿನ ಹೆಂಗಸರು ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಹೊರಗೆ ಮುಚ್ಚಳ ಸುಮ್ಮನಿತ್ತು.

ಆರಾಧನೆ ಮುಗಿದು ಜನ ಕೈಕುಲುಕುತ್ತಿದ್ದಾಗ ರಿಮೋಟಪ್ಪನವರು ಬಂದು ಬೆನ್ನು ತಟ್ಟಿದರು. "ಆಂ-ಹ್ಹುಂ. ಭೇಷ್ ಮಗಳೇ. ಆ ತಟ್ಟೆಮಾರಿ ಕೂಡ ಇವತ್ತು ಬಾಯ್ ಬಿಟ್ಕೊಂಡು ಕೇಳಿರ್ಬೇಕು, ತಾಳಾನೇ ಇಲ್ಲ." ಆ 'ಆಂ-ಹ್ಹುಂ' ಅವರ ಗಂಟಲಿನ ಸ್ವಂತ ಉತ್ಪನ್ನ. ಪ್ರತಿ ವಾಕ್ಯದ ಬಾಗಿಲು ಬಡಿಯದೆ ಅವರು ಒಳಗೆ ಹೋಗುತ್ತಿರಲಿಲ್ಲ.

ಅವರ ಪಕ್ಕದಲ್ಲಿ ಇನ್ನೊಬ್ಬ ಹಿರಿಯರಾದ ಹಲ್ಲಿನ ಡಾಕ್ಟರಮ್ಮ ನಿಂತಿದ್ದರು. ಅವರದು ಮಾತು ಕಮ್ಮಿ. ಎದುರಿಗಿದ್ದವರ ಬಾಯಿ ನೋಡುತ್ತ ನೋಡುತ್ತ ತಮ್ಮ ಬಾಯಿ ಬಳಸುವುದನ್ನೇ ಮರೆತವರಂತೆ ಇರುತ್ತಿದ್ದರು. "ಮನೆಗೆ ಹೋಗೋಣ್ವಾ?" ಅಂದರು.

"ಸರ್, ಮೇಡಂ, ನಮ್ಮ ಮನೇಲಿ ತುಂಬಾ ಸೆಖೆ," ಟ್ರಯಲ್ ಪಾಸ್ಟರ್ ತಡವರಿಸಿದಳು. "ಆಫೀಸ್ ರೂಮಲ್ಲೇ ಕೂತು ಪ್ರಾರ್ಥನೆ ಮಾಡಿದ್ರೆ ಆಗಲ್ವಾ? ತಂಪಾಗಿದೆ."

"ಪದ್ಧತಿ ಪದ್ಧತಿನೇ ಮಗಳೇ. ನಡಿ." ರಿಮೋಟಪ್ಪನವರು ಕಾವಲಿನವನನ್ನು ಕರೆದು, "ಬಾಗಿಲು ಕಿಟಕಿ ಎಲ್ಲ ಭದ್ರವಾಗಿ ಹಾಕು. ಏಸಿ ಆಫ್ ಮಾಡಿಲ್ಲ, ಓಡ್ತಾ ಇರ್ಲಿ. ಸಂಜೆ ಯೂತ್ ಮೀಟಿಂಗಿಗೆ ಹಾಲ್ ಚೆನ್ನಾಗಿ ತಣ್ಣಗಾಗಿರತ್ತೆ" ಅಂದರು. ಕೋಲ್ಡ್ ಸ್ಟೋರೇಜಿನ ಮನುಷ್ಯ, ಮಾಲು ಬರುವ ಮೊದಲೇ ಕೋಣೆ ತಣಿಸಿಡುವುದು ರಕ್ತದಲ್ಲಿತ್ತು.

ಕಾರು ದೊಡ್ಡ ರಸ್ತೆ ಹಿಡಿದು, ಸಿಗ್ನಲ್ಲಿನಲ್ಲಿ ಕಾದು, ಸುತ್ತಿ ಬಂತು. ಟ್ರಯಲ್ ಪಾಸ್ಟರ್ ಹಿಂದಿನ ಸೀಟಿನಲ್ಲಿ ಕೂತು ದೊಡ್ಡಮ್ಮನಿಗೆ ಮೆಸೇಜು ಕಳಿಸಿದಳು: ಬರ್ತಿದೀವಿ, ಕಿಟಕಿ ಮುಚ್ಚಿ, ದಯವಿಟ್ಟು ಏನೂ ಮಾತಾಡ್ಬೇಡಿ. ಉತ್ತರ ತಕ್ಷಣ ಬಂತು: ಬಾಯಿಗೆ ಗುಂಡಿ ಹಾಕ್ಕೊಂಡಿದೀನಿ.

ಗುಂಡಿ ಹಾಕಿಕೊಂಡಿದ್ದು ನಿಜ. ದೊಡ್ಡಮ್ಮ ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಮೆಷಿನ್ ಮುಂದೆ ಕೂತೇ ಕೈ ಮುಗಿದಳು. ರಿಮೋಟಪ್ಪನವರು ಒಳಗೆ ಬಂದು, "ಆಂ-ಹ್ಹುಂ, ನಮಸ್ಕಾರಮ್ಮ" ಅಂದದ್ದೇ ತಡ, ಅವಳ ಹುಬ್ಬು ಮೇಲೆ ಹೋಯಿತು. ಪ್ರತಿ ಭಾನುವಾರ ಗವಾಕ್ಷಿಯಿಂದ ಬರುವ ದನಿ ಈಗ ಕಾಲು, ಕೈ, ಹೊಟ್ಟೆಯ ಸಮೇತ ಅವಳ ಮನೆಯ ಕುರ್ಚಿಯಲ್ಲಿ ಕೂತಿತ್ತು. ಪಿನ್ನು ಕಚ್ಚಿದ ತುಟಿಯ ಒಂದು ತುದಿ ಮಾತ್ರ ಮೆಲ್ಲಗೆ ಅಲುಗಿತು.

ಮುಚ್ಚಿದ ಕೋಣೆ, ಬೆಳಗಿನಿಂದ ಕಾದ ಇಸ್ತ್ರಿ, ನಾಲ್ಕು ಜನರ ಉಸಿರು. ಡಾಕ್ಟರಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡರು. "ಒಂಚೂರು ಕಿಟಕಿ ತೆಗೀಬಹುದಾ?"

"ಬೇಡ ಮೇಡಂ," ಟ್ರಯಲ್ ಪಾಸ್ಟರ್ ಎದ್ದು ನಿಂತಳು. "ಸೊಳ್ಳೆ."

"ಮಧ್ಯಾಹ್ನದ ಹೊತ್ತಲ್ಲಿ ಎಂಥ ಸೊಳ್ಳೆ?" ಎನ್ನುತ್ತ ಡಾಕ್ಟರಮ್ಮನೇ ಹೋಗಿ ಚಿಲಕ ತೆಗೆದರು.

ಒಲೆಯ ಬಾಗಿಲು ತೆಗೆದ ಹಾಗಾಯಿತು. ಬಿಸಿಗಾಳಿ ಗುಂಯ್ ಎಂದು ನುಗ್ಗಿ, ಫ್ರಾಕುಗಳನ್ನು ಕುಣಿಸಿ, ಕತ್ತರಿಸಿದ ಕಾಗದದ ಅಚ್ಚುಗಳನ್ನು ಮೇಜಿನಿಂದ ಹಾರಿಸಿ, ನೇರ ರಿಮೋಟಪ್ಪನವರ ಮುಖಕ್ಕೆ ಬಡಿಯಿತು. ಅವರ ಬೋಳು ತಲೆಯ ಮೇಲೆ ಬೆವರು ಮೊಗ್ಗುಗಟ್ಟಿತು. ಕರ್ಚೀಫು ತೆಗೆದು ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ಸಿಟ್ಟು ಬಂತು.

"ಇದೇನ್ರೀ ಇದು? ಯಾರ್ರೀ ಇಷ್ಟು ಬಿಸಿ ಊದ್ತಿರೋದು?"

ದೊಡ್ಡಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಿನ್‌ದಿಂಬಿಗೆ ಚುಚ್ಚಿದಳು. "ಹಿಂದಿನ ಕಟ್ಟಡದವರು ಸ್ವಾಮಿ. ಅವರು ಒಳಗಡೆ ತಣ್ಣಗಿರ್ತಾರೆ. ಅವರ ಸೆಖೆ ನಮಗೆ ಕಳಿಸ್ತಾರೆ."

"ಇದು ಅನ್ಯಾಯ. ಆಂ-ಹ್ಹುಂ. ನಾನು ಕೋಲ್ಡ್ ಸ್ಟೋರೇಜ್ ನಡೆಸ್ದೋನು, ನಂಗೆ ಗೊತ್ತು. ಯಂತ್ರ ಇಡ್ಬೇಕಾದ್ರೆ ಎದುರಿಗೆ ಮನೆ ಇದ್ಯಾ ಅಂತ ನೋಡಲ್ವಾ? ಮನುಷ್ಯರಾ ಇವ್ರು?"

"ಹೇಳಿ ಸ್ವಾಮಿ, ಹೇಳಿ," ದೊಡ್ಡಮ್ಮ ಬೆಣ್ಣೆಯಂಥ ದನಿಯಲ್ಲಿ ಅಂದಳು. "ನಾನು ಹೇಳಿದ್ರೆ ಅವರಿಗೆ ಕೇಳಲ್ಲ. ನಿಮ್ಮಂಥ ದೊಡ್ಡೋರು ಹೇಳ್ಬೇಕು."

"ಹೇಳೇ ಹೇಳ್ತೀನಿ. ತಾವು ಸುಖವಾಗಿದ್ರೆ ಸಾಕು, ಪಕ್ಕದವರು ಬೆಂದ್ರೇನು, ಅಲ್ವಾ? ದೇವರ ಭಯ ಇಲ್ದೋರು. ಇವತ್ತು ಬೆಳಿಗ್ಗೆ ನಮ್ಮ ಮಗಳು ದ್ವೀಪದ ಕಥೆ ಹೇಳಿದ್ಲಲ್ಲ, ಅದನ್ನ ಇಂಥವ್ರಿಗೆ ಕೇಳಿಸ್ಬೇಕು." ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಬಿಸಿಗಾಳಿಗೆ ಕಣ್ಣು ಕಿರಿದು ಮಾಡಿ ಹೊರಗೆ ನೋಡಿದರು. ಮೋಟು ಗೋಡೆ, ಅದರಾಚೆ ಬಣ್ಣ ಕಾಣದ ಇನ್ನೊಂದು ಗೋಡೆ, ಅದರ ಮೇಲೆ ಮೈ ನಡುಗಿಸುತ್ತ ಗುಟುರು ಹಾಕುವ ಎರಡು ಯಂತ್ರಗಳು. ಸಭಾಂಗಣವನ್ನು ಅವರು ಯಾವಾಗಲೂ ಎದುರಿನಿಂದಲೇ ಕಂಡವರು. ಕಂಬ, ಮೆಟ್ಟಿಲು, ಹೂಕುಂಡ, ಬಾಗಿಲ ಮೇಲಿನ ಶಿಲುಬೆ. ಅದಕ್ಕೊಂದು ಬೆನ್ನಿದೆ ಎಂಬುದು ಅವರ ತಲೆಗೇ ಬಂದಿರಲಿಲ್ಲ. "ಯಾರ್ದಮ್ಮ ಆ ಬಿಲ್ಡಿಂಗು?" ಎಂದು ಟ್ರಯಲ್ ಪಾಸ್ಟರ್ ಕಡೆ ತಿರುಗಿ ಕೇಳಿದರು.

ಟ್ರಯಲ್ ಪಾಸ್ಟರಿನ ಬಾಯಿಯ ತುದಿಯಲ್ಲಿ 'ಗೋದಾಮು ಸರ್' ಎಂಬ ಮಾತು ಚಪ್ಪಲಿ ಮೆಟ್ಟಿಕೊಂಡು ಹೊರಡಲು ಸಿದ್ಧವಾಗಿ ನಿಂತಿತ್ತು. ಹೇಳಿದರೆ ಐದು ನಿಮಿಷದಲ್ಲಿ ಪ್ರಾರ್ಥನೆ, ಚಹಾ, ನೇಮಕ. ದೊಡ್ಡಮ್ಮ ಯಾವುದೋ ಫ್ರಾಕಿನ ಅಂಚನ್ನು ಮಡಚುತ್ತ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ನೀನು ಏನೇ ಹೇಳಿದರೂ ನಾನು ಗುಂಡಿ ಬಿಚ್ಚುವುದಿಲ್ಲ ಎಂಬ ಮಾತು ಕೊಟ್ಟಂತಿತ್ತು. ಅದೇ ಇವಳನ್ನು ಸೋಲಿಸಿತು.

"ನಮ್ದೇ ಸರ್," ಅಂದಳು.

"ಯಾರ್ದು?"

"ನಮ್ಮ ಸಭಾಂಗಣ ಸರ್. ಅದರ ಹಿಂಭಾಗ. ಅವು ನೀವು ಕೊಡಿಸಿದ ಏಸಿಗಳೇ."

ರಿಮೋಟಪ್ಪನವರು ಕಿಟಕಿಯ ಸರಳು ಹಿಡಿದು ಮತ್ತೊಮ್ಮೆ ನೋಡಿದರು. ಗವಾಕ್ಷಿಯ ಬಣ್ಣದ ಗಾಜನ್ನು ಗುರುತಿಸಿದರು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಗೊತ್ತಿದ್ದೂ ಸುಮ್ನಿದ್ಯಾ? ನನ್ನ ಬಾಯಿಂದ್ಲೇ ನನಗೆ ಬೈಸೋಕೆ ಇಲ್ಲಿಗೆ ಕರ್ಕೊಂಡು ಬಂದ್ಯಾ?"

"ಇಲ್ಲ ಸರ್, ಬರ್ಬೇಡಿ ಅಂತ ಕೇಳ್ಕೊಂಡೆ," ಅವಳ ದನಿ ಸಣ್ಣಗಾಯಿತು. "ಸೊಳ್ಳೆ ಅಂತ ಸುಳ್ಳು ಬೇರೆ ಹೇಳ್ದೆ."

"ಬೆಳಿಗ್ಗೆ ಮತ್ತೆ ಆ ದ್ವೀಪ, ಆ ಅಜ್ಜಿ, ಆ ಜಡೆ ಎಲ್ಲ ಯಾಕೆ ಹೇಳ್ದೆ? ಇದನ್ನ ಯಾಕೆ ಹೇಳ್ಲಿಲ್ಲ?"

"ದ್ವೀಪದ ಕಥೆಗೆ ನಮ್ಮ ಕಮಿಟೀಲಿ ಯಾರೂ ಮುನಿಸ್ಕೊಳ್ಳಲ್ಲ ಸರ್. ಅದಕ್ಕೆ."

ದೊಡ್ಡಮ್ಮ ತಡೆಯಲಾರದೆ ಬಾಯಿ ಹಾಕಿದಳು. "ನಾನೂ ಕೇಳ್ದೆ ಸ್ವಾಮಿ ಇಲ್ಲಿಂದ. ದ್ವೀಪದ ಅಜ್ಜಿ ಪಾಪ ಅನ್ನಿಸ್ತು. ಅವಳಿಗೆ ಕಾಲಿಗೆ ನೀರು, ನನಗೆ ನೆತ್ತಿಗೆ ಬೆಂಕಿ. ಅವಳಿಗಾದ್ರೆ ಅಳೋರಿದಾರೆ."

"ಹೋ, ನೀವೇ ಅಲ್ವಾ ಆ ತಟ್ಟೆ?" ರಿಮೋಟಪ್ಪನವರು ತಿರುಗಿದರು.

"ತಟ್ಟೆ ಅಲ್ಲ, ಮುಚ್ಚಳ."

"ಏನೇ ಆಗ್ಲಿ. ಸಾಕು ನಡೀರಿ ಡಾಕ್ಟ್ರೇ. ಮುಂದಿನದು ಮೀಟಿಂಗಲ್ಲಿ ನೋಡೋಣ."

ಮೀಟಿಂಗಲ್ಲಿ ನೋಡೋಣ ಎಂದರೆ ಏನೆಂದು ಟ್ರಯಲ್ ಪಾಸ್ಟರಿಗೆ ಹಿಂದಿನ ಎರಡು ಸಭೆಗಳಿಂದ ಚೆನ್ನಾಗಿ ಗೊತ್ತಿತ್ತು. ಅಣ್ಣನ ಅಂಗಡಿಯ ಮೆಷಿನ್ ಕಿವಿಯಲ್ಲಿ ಶುರುವಾಯಿತು. ಆದರೆ ವಿಚಿತ್ರವೆಂದರೆ, ಬಂದಂದಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಇಳಿದು, ಅವಳಿಗೆ ಆ ಸೆಖೆಯಲ್ಲೂ ಹಾಯೆನಿಸಿತು.

ಡಾಕ್ಟರಮ್ಮ ಕುರ್ಚಿಯಿಂದ ಏಳಲಿಲ್ಲ. "ಪ್ರಾರ್ಥನೆ ಮಾಡ್ದೆ ಎದ್ರೆ ಭೇಟಿ ಲೆಕ್ಕಕ್ಕಿಲ್ಲ. ಕೂತ್ಕೊಳ್ಳಿ ಹಿರಿಯರೇ."

"ಈ ಸೆಖೇಲಾ?"

"ನೀವು ಮಾಡಿದ ಸೆಖೆನೇ ತಾನೆ. ಕೂತ್ಕೊಳ್ಳಿ."

ಹಲ್ಲು ಕೀಳುವವರ ಮಾತಿಗೆ ಎದುರಾಡುವುದು ಕಷ್ಟ. ರಿಮೋಟಪ್ಪನವರು ಕೂತರು, ಕಣ್ಣು ಮುಚ್ಚಿದರು, ಸಿಟ್ಟನ್ನು ಮೂಗಿನಲ್ಲೇ ಇಟ್ಟುಕೊಂಡು ಶುರುಮಾಡಿದರು. "ಆಂ-ಹ್ಹುಂ. ಪರಲೋಕದಲ್ಲಿರುವ ನಮ್ಮ ತಂದೆಯೇ..."

"ಆಂ-ಹ್ಹುಂ. ಪರಲೋಕದಲ್ಲಿರುವ ನಮ್ಮ ತಂದೆಯೇ," ಎಂದು ದೊಡ್ಡಮ್ಮನೂ ಹೇಳಿದಳು.

ಅವಳು ಯಾವ ಸಭೆಗೂ ಹೋದವಳಲ್ಲ. ಪ್ರಾರ್ಥನೆಯನ್ನು ಅವಳು ಕಲಿತದ್ದು ಗವಾಕ್ಷಿಯಿಂದ, ರಿಮೋಟಪ್ಪನವರ ಬಾಯಿಂದ, ಭಾನುವಾರದ ಮೇಲೆ ಭಾನುವಾರ, ಹೊಲಿಗೆ ತುಳಿಯುತ್ತ. ಎಲ್ಲಿ ಪ್ರಾರ್ಥನೆ ಮುಗಿಯುತ್ತದೆ, ಎಲ್ಲಿ ಗಂಟಲು ಶುರುವಾಗುತ್ತದೆ ಎಂಬ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಕೆಮ್ಮನ್ನೂ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದಳು. ಅದೇ ಎಳೆತ, ಅದೇ ಮೂಗು, ಕೊನೆಗೆ ಮೈಕಿಗೆ ತುಟಿ ತಗುಲಿದಾಗ ಬರುವ 'ಪುಪ್' ಎಂಬ ಸದ್ದೂ ಸಹಿತ. ಕೇಳುವವರು ಕಣ್ಣು ಮುಚ್ಚಿದ್ದರೆ ಇಬ್ಬರು ರಿಮೋಟಪ್ಪನವರು ಅಕ್ಕಪಕ್ಕ ಕೂತಿದ್ದಾರೆಂದೇ ತಿಳಿಯಬೇಕು.

ನಿನ್ನ ರಾಜ್ಯ ಬರಲಿ, ಆಂ-ಹ್ಹುಂ. ಭೂಲೋಕದಲ್ಲಿಯೂ ನೆರವೇರಲಿ, ಆಂ-ಹ್ಹುಂ, ಪುಪ್. ಡಾಕ್ಟರಮ್ಮನ ಭುಜಗಳು ಅಲುಗತೊಡಗಿದವು. ಟ್ರಯಲ್ ಪಾಸ್ಟರ್ ತುಟಿಯನ್ನು ಎಷ್ಟು ಗಟ್ಟಿ ಕಚ್ಚಿದಳೆಂದರೆ ಕಣ್ಣಲ್ಲಿ ನೀರು ಬಂತು. ಕೊನೆಗೆ ಆ ಜಾಗ ಬಂತು. 'ನಮಗೆ ತಪ್ಪುಮಾಡಿದವರನ್ನು...' ಎಂದು ರಿಮೋಟಪ್ಪನವರು ಎಳೆದರು. ಅಲ್ಲಿ ಅವರಿಗೆ ಯಾವಾಗಲೂ ಎರಡು ಸಲ ಕೆಮ್ಮು ಬರುತ್ತಿತ್ತು. ಇಬ್ಬರೂ ಒಟ್ಟಿಗೆ, ತಾಳ ತಪ್ಪದೆ, ಎರಡು ಸಲ ಕೆಮ್ಮಿದರು.

ರಿಮೋಟಪ್ಪನವರು ಒಂದು ಕಣ್ಣು ತೆಗೆದರು. ದೊಡ್ಡಮ್ಮನೂ ಒಂದು ಕಣ್ಣು ತೆಗೆದಿದ್ದಳು.

"ನಾನು ಹಿಂಗೆ ಕೆಮ್ತೀನಾ?" ಅವರು ಪಿಸುಗುಟ್ಟಿದರು.

"ಇನ್ನೂ ಜೋರಾಗಿ ಸ್ವಾಮಿ. ನಂಗೆ ವಯಸ್ಸಾಯ್ತು, ಅಷ್ಟು ದಮ್ಮಿಲ್ಲ."

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಡಾಕ್ಟರಮ್ಮನೇ ಇರಬೇಕು. ಅವರ ಹಲ್ಲುಗಳನ್ನು ಸಭೆಯವರು ಯಾರೂ ಅದುವರೆಗೆ ಪೂರ್ತಿ ನೋಡಿರಲಿಲ್ಲ. ಆಮೇಲೆ ರಿಮೋಟಪ್ಪನವರ ಹೊಟ್ಟೆ ಕುಲುಕಿತು. ಅವರು ತಡೆಯಲು ನೋಡಿದರು, ಕರ್ಚೀಫು ಬಾಯಿಗೊತ್ತಿಕೊಂಡರು, ಆಗಲಿಲ್ಲ. ಬೆವರೋ ಕಣ್ಣೀರೋ ಗೊತ್ತಾಗದಂತೆ ಮುಖವೆಲ್ಲ ನೀರಾಗಿ, ಕುರ್ಚಿಯ ಕೈ ಬಡಿದು ಬಡಿದು ನಕ್ಕರು. ನಗು ಇಳಿದ ಮೇಲೆ ಮುಖ ಒರೆಸಿಕೊಂಡು, ಬಿಟ್ಟಲ್ಲಿಂದಲೇ ಪ್ರಾರ್ಥನೆಯನ್ನು ಎತ್ತಿಕೊಂಡು, ಆಮೆನ್ ತನಕ ಮುಗಿಸಿದರು. ಆ ಭಾಗದಲ್ಲಿ ಒಂದು ಕೆಮ್ಮೂ ಬರಲಿಲ್ಲ.

"ಅಮ್ಮ," ಅಂದರು ಕಣ್ಣು ತೆಗೆದು, ದೊಡ್ಡಮ್ಮನ ಕಡೆ ನೋಡದೆ ಮೆಷಿನ್ನಿನ ಚಕ್ರ ನೋಡುತ್ತ. "ತಪ್ಪಾಯ್ತು. ಬಾಗಿಲಿಗೆ ಬಂದು ಕೇಳ್ತಿದೀನಿ."

ದೊಡ್ಡಮ್ಮ ಇದಕ್ಕೆ ಸಿದ್ಧಳಿರಲಿಲ್ಲ. ಜಗಳಕ್ಕಾದರೆ ಅವಳ ಹತ್ತಿರ ಮಾತು ಥಾನುಗಟ್ಟಲೆ ಇತ್ತು, ಇದಕ್ಕೆ ಒಂದು ತುಂಡೂ ಇರಲಿಲ್ಲ. "ಅಯ್ಯೋ ಬಿಡಿ, ನಾನೇನು ಸಾಚಾನಾ?" ಎಂದು ತಡಕಾಡಿದಳು. "ಸಿಟ್ಟಿಗೆ ಕತ್ತರಿಸಿದ ಚಿಂದಿ ಎಲ್ಲ ಗೋಡೆ ಆಚೆ ನಿಮ್ಮ ಚರಂಡಿಗೆ ಎಸೀತಿದ್ದೆ."

"ಹೋ. ನಮ್ಮ ಮುಂದಿನ ಅಂಗಳದಲ್ಲಿ ನೀರು ನಿಲ್ಲೋದು ಅದಕ್ಕಾ? ನಾವು ಎರಡು ಸಲ ಪೈಪ್ ಒಡೆಸಿ ನೋಡಿದ್ವಿ."

"ಒಳ್ಳೆ ಬಟ್ಟೆ ಸ್ವಾಮಿ. ಬೇಗ ಕರಗಲ್ಲ."

ಡಾಕ್ಟರಮ್ಮ ಮಾತನ್ನು ಕೆಲಸದ ಕಡೆಗೆ ತಿರುಗಿಸಿದರು. ಈಗ ಏನು ಮಾಡುವುದು?

"ಮಾಡೋದೇನು, ಯಂತ್ರಾನ ಮಾಳಿಗೆ ಮೇಲೆ ಹಾಕಿಸ್ತೀನಿ," ರಿಮೋಟಪ್ಪನವರು ಹುರುಪಿನಿಂದ ಅಂದರು. "ಬಿಸಿ ಎಲ್ಲ ಆಕಾಶಕ್ಕೆ ಹೋಗ್ಲಿ."

"ಆಕಾಶದಲ್ಲಿ ಯಾರೂ ಇಲ್ವಾ?" ದೊಡ್ಡಮ್ಮ ಕೇಳಿದಳು. "ಪರಲೋಕದಲ್ಲಿರುವ ನಮ್ಮ ತಂದೆ ಅಂತ ಈಗ್ತಾನೆ ಕೆಮ್ಮಿದ್ರಿ."

ಟ್ರಯಲ್ ಪಾಸ್ಟರಿಗೆ ತನ್ನ ಬೆಳಗಿನ ಪ್ರಸಂಗವೆಲ್ಲ ಈ ಒಂದು ಮಾತಿನ ಮುಂದೆ ಸಪ್ಪೆಯೆನಿಸಿತು, ಆದರೂ ಅಸೂಯೆಯಾಗಲಿಲ್ಲ. ಇದನ್ನು ಮುಂದಿನ ಸಲ ಕದಿಯಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. "ಸರ್, ಮಾಳಿಗೆಗೂ ಹಾಕಿಸಿ, ಚಳಿನೂ ಕಮ್ಮಿ ಮಾಡಿ," ಅಂದಳು. "ಬೇಸಿಗೇಲಿ ಸ್ವೆಟರ್ ಹಾಕ್ಕೊಂಡು ಭೂಮಿ ಬಿಸಿಯಾಯ್ತು ಅಂತ ಅತ್ರೆ ದೇವರಿಗೂ ಗೊಂದಲ ಆಗಲ್ವಾ? ಸ್ವೆಟರ್ ಬಿಚ್ಚೋ ಅಷ್ಟು ತಂಪು ಸಾಕು. ಉಳಿದಿದ್ದಕ್ಕೆ ಕಿಟಕಿ ಇದೆ, ಫ್ಯಾನಿದೆ."

"ಈಗ್ಲೇ ಆಫ್ ಮಾಡ್ತೀನಿ," ಎಂದು ರಿಮೋಟಪ್ಪನವರು ಜೇಬಿನಿಂದ ರಿಮೋಟು ಸೆಳೆದು, ಕಿಟಕಿಯ ಸರಳುಗಳ ನಡುವೆ ಕೈ ಚಾಚಿ, ಗುಟುರು ಹಾಕುವ ಯಂತ್ರಗಳಿಗೆ ಗುರಿಯಿಟ್ಟು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು.

"ಅದು ಒಳಗಿನ ಪೆಟ್ಟಿಗೆಗೆ ಮಾತ್ರ ಕೇಳತ್ತೆ ಸರ್," ಟ್ರಯಲ್ ಪಾಸ್ಟರ್ ಅಂದಳು. "ಬೆನ್ನಿಗೆ ಕಿವಿ ಇಲ್ಲ."

"ಹಾಗಾದ್ರೆ ಹೋಗ್ಬೇಕು."

"ಕಾರ್ ತೆಗೀಲಾ?" ಡಾಕ್ಟರಮ್ಮ ಕೇಳಿದರು.

"ಆ ಸಿಗ್ನಲ್ಲಲ್ಲಿ ನಿಂತು, ಸುತ್ತಿ ಹೋಗೋ ಅಷ್ಟರಲ್ಲಿ ಈ ಅಮ್ಮ ಬೆಂದುಹೋಗ್ತಾರೆ. ಅಮ್ಮ, ಒಂದು ಸ್ಟೂಲ್ ಕೊಡಿ."

ಬೇಡ ಬೇಡವೆಂದರೂ ಕೇಳಲಿಲ್ಲ. ಹಿಂದಿನ ಅಂಗಳಕ್ಕೆ ಬಂದು, ದೊಡ್ಡಮ್ಮ ಕೊಟ್ಟ ಸ್ಟೂಲಿನ ಮೇಲೆ ನಿಂತು, ಹಿಂದುಮುಂದು ನೋಡದೆ ಒಂದು ಕಾಲನ್ನು ಮೋಟು ಗೋಡೆಯಾಚೆ ಹಾಕಿದರು. ಆಮೇಲೆ ಅಲ್ಲೇ ಸಿಕ್ಕಿಕೊಂಡರು. ಒಂದು ಕಾಲು ಸಭೆಯ ಕಡೆ, ಒಂದು ಕಾಲು ದೊಡ್ಡಮ್ಮನ ಕಡೆ, ಬಿಸಿಗಾಳಿ ನೇರ ಎದೆಗೆ.

"ಡಾಕ್ಟ್ರೇ," ಅಲ್ಲಿಂದಲೇ ಕೂಗಿದರು. "ಈ ಹುಡುಗಿ ಬಗ್ಗೆ ನಿಮ್ಮ ಅಭಿಪ್ರಾಯ?"

"ನಂದು ಯಾವತ್ತೋ ಹೌದು."

"ನಂದೂ ಹೌದು. ಒಂದು ಷರತ್ತು. ಮುಂದಿನ ಭಾನುವಾರ ದ್ವೀಪ ಬೇಡ. ಈ ಗೋಡೆ ಬಗ್ಗೆ ಹೇಳ್ಬೇಕು. ನನ್ನ ಹೆಸರು ಹೇಳಿದ್ರೂ ಪರವಾಗಿಲ್ಲ. ಪಾಸ್ಟರ್ ಮನೆ ಖಾಲಿ ಇದೆ, ನಾಳೆನೇ ಸಾಮಾನು ತರ್ಲಿ."

"ಅದ್ಯಾಕೆ ಬರ್ತಾಳೆ?" ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಇಷ್ಟು ದಿನ ಬಿಸಿಯಲ್ಲಿ ನನ್ನ ಜೊತೆ ಬೆಂದೋಳು, ಈಗ ತಂಪಾಗೋ ಹೊತ್ತಿಗೆ ನಿಮಗೆ ಕೊಡ್ಬೇಕಾ? ಅವಳು ನಮ್ಮ ಮನೆ ಹುಡುಗಿ."

"ನಮ್ಮ ಸಭೆ ಪಾಸ್ಟರ್ ರೀ ಅವ್ಳು."

"ಮೊದ್ಲು ಗೋಡೆ ಇಳೀರಿ ಸ್ವಾಮಿ, ಆಮೇಲೆ ಜಗಳ ಆಡೋಣ."

ಇಳಿದರು. ಇಳಿದರೆನ್ನುವುದಕ್ಕಿಂತ ಧೊಪ್ಪೆಂದು ಆಚೆಗೆ ಬಿದ್ದರು ಎನ್ನಬೇಕು, ಆದರೆ ಬಿದ್ದದ್ದು ಮೆತ್ತಗೆ, ಬಹುಕಾಲದಿಂದ ಕೂಡಿದ್ದ ಚಿಂದಿಯ ರಾಶಿಯ ಮೇಲೆ. ಸ್ವಲ್ಪ ಹೊತ್ತಿಗೆ ಕಾವಲಿನವನ ಗಾಬರಿಯ ದನಿ, ಬಾಗಿಲು ತೆಗೆದ ಸದ್ದು. ಆಮೇಲೆ ಒಂದು ಯಂತ್ರ ನಿಂತಿತು. ಇನ್ನೊಂದೂ ಮೈ ಅಲುಗಿಸಿ ನಿಂತಿತು. ಒಳಗೆ ಹ್ಯಾಂಗರಿನ ಫ್ರಾಕುಗಳು ಕುಣಿತ ಬಿಟ್ಟು ನೆಟ್ಟಗಾದವು. ಎಲ್ಲಿಂದಲೋ ಸಾದಾ ಗಾಳಿಯ ಒಂದು ಎಳೆ ಬಂದು ದೊಡ್ಡಮ್ಮನ ಕತ್ತಿಗೆ ತಾಗಿತು. ಅವಳು ಕಣ್ಣು ಮುಚ್ಚಿಕೊಂಡು ನಿಂತಳು.

ಗೋಡೆಯಾಚೆಯಿಂದ ರಿಮೋಟಪ್ಪನವರ ದನಿ ಬಂತು. "ಅಮ್ಮ, ಈ ಕಡೆ ಸ್ಟೂಲಿಲ್ಲ, ನಾನು ವಾಪಸ್ ಹೆಂಗೆ ಬರ್ಲಿ? ನನ್ನ ಚಹಾ ಇನ್ನೂ ಬಾಕಿ ಇದೆ. ಮತ್ತೆ ಇಲ್ಲಿ ನಿಮ್ಮ ಚಿಂದಿ ಎಷ್ಟಿದೆ ನೋಡಿದೀರಾ? ಒಂದು ಊರಿಗೆ ಅಂಗಿ ಹೊಲೀಬಹುದು."

"ಇರಿ, ಬುಟ್ಟಿ ತರ್ತೀನಿ," ಎಂದ ದೊಡ್ಡಮ್ಮ ಒಳಗಿನಿಂದ ದೊಡ್ಡ ಬುಟ್ಟಿಯೊಂದನ್ನೂ ಇನ್ನೊಂದು ಸ್ಟೂಲನ್ನೂ ತಂದು ಗೋಡೆಯಾಚೆ ಇಳಿಬಿಟ್ಟಳು. ಆಮೇಲೆ ಚಿಂದಿ ಬಾಚಲು ಸೀರೆ ಎತ್ತಿ ಕಟ್ಟಿ ತಾನೂ ಹತ್ತಲು ಹೊರಟಳು. ಸ್ಟೂಲಿನ ಒಂದು ಕಾಲು ಕುಂಟುತ್ತಿತ್ತು. "ಏ ಪಾಸ್ಟರ್," ಅಂದಳು, "ನೋಡ್ತಾ ನಿಂತ್ಕೋಬೇಡ, ಗಟ್ಟಿಯಾಗಿ ಹಿಡ್ಕೊ."

ಪಾಸ್ಟರ್ ಆಗಿ ಅವಳ ಮೊದಲ ಸೇವೆ ಅದೇ ಆಯಿತು. ಮಂಡಿಯೂರಿ ಕೂತು, ಎರಡು ಕೈಯಿಂದ ಸ್ಟೂಲು ಹಿಡಿದು, ನಗು ತಡೆಯಲಾರದೆ ಸ್ಟೂಲಿನ ಸಮೇತ ಅಲುಗುತ್ತಿದ್ದಳು.